ನೆಂಟರ ಕಾರ್ಡು, ನಮ್ಮ ಕುರುಕ್ಷೇತ್ರ

ಹೊಸ ಗೇಮಿಂಗ್ ಕಂಪ್ಯೂಟರ್ ಕಟ್ಟಲು ಹೊರಟವನಿಗೆ ಪರದೆಯ ಮೇಲೆ ಗೇಮಿನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಆರಿಸುವುದು ಆಮೇಲಿನ ಮಾತು. ಮೊದಲು ದೀಕ್ಷೆಯಾಗಬೇಕು. ಈ ಕಾರ್ಡು ತರುವ ಕಂಪನಿಗಳಲ್ಲಿ ಹಸಿರು ಎಂದರೆ ಎನ್ವಿಡಿಯಾ, ಕೆಂಪು ಎಂದರೆ ಎಎಂಡಿ. "ಯಾವುದು ತಗೊಳ್ಳಲಿ?" ಎಂದು ಸುಮ್ಮನೆ ಕೇಳಿ ನೋಡಿ. ನಿಮ್ಮ ಮಾನಿಟರ್ ಎಂಥದ್ದು, ಆಡುವ ಗೇಮ್ ಯಾವುದು, ಪವರ್ ಸಪ್ಲೈ ಎಷ್ಟು ವ್ಯಾಟ್‌ನದು ಎಂದು ಒಬ್ಬನೂ ವಿಚಾರಿಸುವುದಿಲ್ಲ. ನೀವು ಯಾರ ಕಡೆಯವರು ಎಂಬುದಷ್ಟೇ ಅವರಿಗೆ ಬೇಕು.

ಇಷ್ಟೊಂದು ರಕ್ತ ಕುದಿಸುವ ಯುದ್ಧದ ಇಬ್ಬರು ಸೇನಾಪತಿಗಳಾದ ಎನ್ವಿಡಿಯಾದ ಜೆನ್ಸೆನ್ ಹುವಾಂಗ್ ಮತ್ತು ಎಎಂಡಿಯ ಲೀಸಾ ಸು ತೈವಾನ್ ಮೂಲದವರು, ದೂರದ ನೆಂಟರು. ಎರಡೂ ಕಂಪನಿಯ ಈಗಿನ ಗೇಮಿಂಗ್ ಕಾರ್ಡುಗಳ ಚಿಪ್ ತಯಾರಾಗುವುದು ಅದೇ ತೈವಾನಿನ ಟಿಎಸ್‌ಎಂಸಿ ಎಂಬ ಚಿಪ್ ತಯಾರಿಕಾ ಕಂಪನಿಯಲ್ಲಿ. ಒಂದೇ ಕುಲುಮೆಯಲ್ಲಿ ಬಡಿದ ಕತ್ತಿಗಳನ್ನು ಹಿಡಿದು ಭಕ್ತರು ಇತ್ತ ತಲೆ ಕಡಿದುಕೊಳ್ಳುತ್ತಿದ್ದರೆ, ಅತ್ತ ಕುಲುಮೆಯವನು ಇಬ್ಬರಿಗೂ ಬಿಲ್ಲು ಬರೆಯುತ್ತಾನೆ.

ಹಾಗೆಂದು ಇವರಿಗೆ ಸಿದ್ಧಾಂತ ಇಲ್ಲವೆನ್ನಬೇಡಿ. ಬೇಕಾದಷ್ಟಿದೆ, ಬಿಡುಗಡೆಗೊಂದರಂತೆ ಬದಲಾಗುತ್ತದೆ ಅಷ್ಟೆ. 2022ರಲ್ಲಿ ಎನ್ವಿಡಿಯಾ ಎರಡು ಫ್ರೇಮುಗಳ (ಪರದೆಯ ಮೇಲೆ ಒಂದರ ಹಿಂದೊಂದು ಸರಿಯುವ ಚಿತ್ರಗಳ) ನಡುವೆ ಮೂರನೆಯದನ್ನು ಊಹಿಸಿ ತೂರಿಸುವ ವಿದ್ಯೆ ತಂದಾಗ ಕೆಂಪು ಪಾಳೆಯ ಬಿದ್ದು ಬಿದ್ದು ನಕ್ಕಿತು. ಸುಳ್ಳು ಫ್ರೇಮಂತೆ! ಮರುವರ್ಷ ಎಎಂಡಿಯೂ ಎಫ್‌ಎಸ್‌ಆರ್ 3 ಹೆಸರಿನಲ್ಲಿ ಅದನ್ನೇ ತಂದಿತು. ಅಂದಿನಿಂದ ಸುಳ್ಳು ಫ್ರೇಮಿಗೆ 'ನಯವಾದ ಅನುಭವ' ಎಂಬ ಮರ್ಯಾದೆಯ ಹೆಸರು ಬಂದಿದೆ. 2023ರಲ್ಲಿ ಎನ್ವಿಡಿಯಾ 4060 ಟಿಐ ಕಾರ್ಡನ್ನು 8 ಜಿಬಿ ಮೆಮೊರಿಯೊಡನೆ ಬಿಟ್ಟಾಗ ಇದೇ ಕೆಂಪು ಬಣ ಜಿಪುಣತನದ ಬಗ್ಗೆ ಉಪನ್ಯಾಸ ಕೊಟ್ಟಿತ್ತು. 2025ರಲ್ಲಿ ಎಎಂಡಿ ತನ್ನ 9060 ಎಕ್ಸ್‌ಟಿಯನ್ನು 8 ಜಿಬಿ, 16 ಜಿಬಿ ಎರಡಕ್ಕೂ ಒಂದೇ ಹೆಸರಿಟ್ಟು ಮಾರಿತು. ಉಪನ್ಯಾಸಕರಿಗೆ ಆ ವಾರ ಗಂಟಲು ನೋವಿತ್ತೋ ಏನೋ.

ಹಸಿರು ಭಕ್ತಿಯ ಆಳವೇ ಬೇರೆ. 2025ರ ಜನವರಿಯಲ್ಲಿ ಹುವಾಂಗ್ ಹೊಳೆಯುವ ಜಾಕೆಟ್ ತೊಟ್ಟು ವೇದಿಕೆಗೆ ಬಂದು, 5070 ಕಾರ್ಡು ಹಿಂದಿನ ಚಕ್ರವರ್ತಿ 4090ಗೆ ಸಮ, ಬೆಲೆ ಮಾತ್ರ ಅದರ ಮೂರನೇ ಒಂದು ಪಾಲು ಎಂದು ಸಾರಿದರು. ಹೊಸ ಲೆಕ್ಕ ಹೀಗೆ: ನಾಲ್ಕು ಫ್ರೇಮಿನಲ್ಲಿ ಒಂದನ್ನು ಗೇಮ್ ಕೊಡುತ್ತದೆ, ಉಳಿದ ಮೂರನ್ನು ಕಾರ್ಡು ಕಲ್ಪಿಸಿಕೊಳ್ಳುತ್ತದೆ. ಕಲ್ಪನೆಯನ್ನು ಪಕ್ಕಕ್ಕಿಟ್ಟು ಅಳೆದವರಿಗೆ 5070 ಸಿಕ್ಕಿದ್ದು 4090ಗಿಂತ ಎಷ್ಟೋ ಕೆಳಗಿನ 4070 ಸೂಪರ್‌ನ ಆಸುಪಾಸಿನಲ್ಲಿ. 4090ರ ಮೆಮೊರಿ 24 ಜಿಬಿ, ಇದರದು 12. ಇದನ್ನು ಭಕ್ತನ ಮುಂದಿಟ್ಟರೆ ಅವನು ಕರುಣೆಯಿಂದ ನಕ್ಕು, "ಎಐ ಅಂದರೆ ನಿಮಗೆ ಅರ್ಥವಾಗಲ್ಲ ಬಿಡಿ ಸಾರ್" ಅನ್ನುತ್ತಾನೆ. 4090ರ ಪವರ್ ಕನೆಕ್ಟರ್ ಕರಗಿದಾಗಲೂ ಅವನು ಅಲುಗಲಿಲ್ಲ. ಪ್ಲಗ್ಗನ್ನು ಪೂರ್ತಿ ಒತ್ತಿ ಕೂರಿಸಿರಲಿಲ್ಲ ಎಂದು ಕಂಪನಿ ಹೇಳಿತು. ಪ್ಲಾಸ್ಟಿಕ್ಕಿನದೇನೂ ತಪ್ಪಿಲ್ಲ, ಹೆಬ್ಬೆರಳಿನ ಶ್ರದ್ಧೆ ಸಾಲದು!

ಹೆಸರುಗಳ ವಿಷಯಕ್ಕೆ ಬಂದರೆ ಎರಡೂ ಕಡೆಯವರನ್ನು ಒಂದೇ ಬೆಂಚಿನ ಮೇಲೆ ನಿಲ್ಲಿಸಬಹುದು. 2022ರ ಸೆಪ್ಟೆಂಬರಿನಲ್ಲಿ ಎನ್ವಿಡಿಯಾ 4080 ಎಂಬ ಹೆಸರಲ್ಲಿ ಎರಡು ಬೇರೆ ಬೇರೆ ಚಿಪ್ಪಿನ ಕಾರ್ಡು ಘೋಷಿಸಿತು. ಜನ ಬೈದ ಮೇಲೆ ಚಿಕ್ಕದರ ಬಿಡುಗಡೆಯನ್ನೇ ರದ್ದು ಮಾಡಿ, ಮರುವರ್ಷದ ಜನವರಿಯಲ್ಲಿ ಅದನ್ನೇ 4070 ಟಿಐ ಎಂದು ಕರೆದು ತಂದಿತು. ಬಾರಸೆ ಮುಗಿದ ಮೇಲೆ ಕೂಸಿನ ಹೆಸರು ಬದಲಾಯಿಸಿದರು, ಕೂಸು ಅದೇ. ಎಎಂಡಿಯೋ 5700, 6700, 7700 ಎಂದು ಸಾಲಾಗಿ ಹೋಗುತ್ತಿದ್ದದ್ದು ಥಟ್ಟನೆ 9070ಕ್ಕೆ ಹಾರಿತು. ಎದುರಾಳಿಯ 5070ರ ಪಕ್ಕ ನಿಂತಾಗ ಹೋಲಿಸಲು ಸುಲಭವಾಗಲಿ ಅಂತ! ಪರೀಕ್ಷೆಯಲ್ಲಿ ಪಕ್ಕದವನ ರೋಲ್ ನಂಬರನ್ನೇ ಬರೆದುಕೊಂಡು ಬಂದ ಹುಡುಗರನ್ನು ನಾವೂ ಕಂಡಿದ್ದೇವೆ.

ಮೂರನೇ ಪಂಥವೊಂದಿದೆ, ಅತ್ಯಂತ ಪ್ರಾಮಾಣಿಕವಾದದ್ದು. "ಎಎಂಡಿ ಈ ಸಲವಾದರೂ ಒಳ್ಳೇ ಕಾರ್ಡು ಮಾಡಲಪ್ಪಾ" ಎಂದು ಹಗಲಿರುಳು ಹಾರೈಸುವವರು ಇವರು. ಎಎಂಡಿ ಮಾಡುತ್ತದೆ. ಅದಕ್ಕೆ ಹೆದರಿ ಎನ್ವಿಡಿಯಾ ಬೆಲೆ ಇಳಿಸುತ್ತದೇನೋ ಎಂದು ಇವರು ಕಾಯುತ್ತಾರೆ. ಇಳಿಸಿದರೆ ಎನ್ವಿಡಿಯಾ ಕೊಂಡು, ಎಎಂಡಿಗೆ ಮನಸಾರೆ ವಂದನೆ ಹೇಳುತ್ತಾರೆ.

ಇಷ್ಟಕ್ಕೂ ಯಾರಿಗಾಗಿ ಈ ಹೋರಾಟ? 2025ರ ಜನವರಿಗೆ ಮುಗಿದ ಲೆಕ್ಕದ ವರ್ಷದಲ್ಲಿ ಎನ್ವಿಡಿಯಾಕ್ಕೆ ಬಂದ ಸುಮಾರು 13,050 ಕೋಟಿ ಡಾಲರ್ ಆದಾಯದಲ್ಲಿ ಗೇಮಿಂಗಿನ ಪಾಲು ಸುಮಾರು 1,140 ಕೋಟಿ, ಹತ್ತರಲ್ಲಿ ಒಂದಂಶವೂ ಇಲ್ಲ. ಸಿಂಹಪಾಲು ಎಐ ನಡೆಸುವ ಡೇಟಾ ಸೆಂಟರಿನದು. ದೇವರು ಊರು ಬಿಟ್ಟು ಎಐ ಕಡೆ ಹೋಗಿ ಆಗಿದೆ, ಭಕ್ತರು ಗುಡಿಯ ಮುಂದೆ ಇನ್ನೂ ಬಡಿದಾಡುತ್ತಿದ್ದಾರೆ.

ಹಸಿರು ಕೆಂಪು ಎರಡೂ ಒಂದಾಗಿ ನಗುವ ಅಪರೂಪದ ಪ್ರಸಂಗವೂ ಉಂಟು. ಯಾರಾದರೂ ಮೂರನೇ ಕಾರ್ಡು ಕಂಪನಿ ಇಂಟೆಲ್ ಹೆಸರೆತ್ತಬೇಕು. 2024ರ ಡಿಸೆಂಬರಿನಲ್ಲಿ ಬಂದ ಅದರ ಬಿ580 ಕಾರ್ಡಿನಲ್ಲಿ 12 ಜಿಬಿ ಮೆಮೊರಿ, ಬೆಲೆಯೂ ಕಡಿಮೆ. ಹಳೆಯ ಪ್ರೊಸೆಸರ್ ಜೊತೆ ಹಾಕಿದರೆ ಮಾತ್ರ ಏದುಸಿರು ಬಿಡುತ್ತದೆ. ಎರಡೂ ಪಾಳೆಯ ನಕ್ಕು ಹಗುರಾದವು. 2025ರ ಸೆಪ್ಟೆಂಬರಿನಲ್ಲಿ ಎನ್ವಿಡಿಯಾ ಅದೇ ಇಂಟೆಲ್‌ನಲ್ಲಿ 500 ಕೋಟಿ ಡಾಲರ್ ಹೂಡುವುದಾಗಿ ಪ್ರಕಟಿಸಿತು. ಇಂಟೆಲ್ ಅಷ್ಟೇನೂ ಕೆಟ್ಟದ್ದಲ್ಲ ಎಂಬುದಕ್ಕೆ ಹಸಿರು ಪಾಳೆಯದಲ್ಲಿ ಈಗ ಪುರಾವೆ ಹುಡುಕುವ ಕೆಲಸ ಭರದಿಂದ ಸಾಗಿರಬೇಕು.