ಒಂದು ಮುಷ್ಟಿ ಹೊಟ್ಟು ಹಿಡಿದು ನೋಡಿ

ದಾವಣಗೆರೆಯಿಂದ ಜಗಳೂರಿಗೆ ಹೋಗುವ ದಾರಿಯಲ್ಲಿ ನಮ್ಮದೊಂದು ಸಣ್ಣ ಫಾರಂ ಇದೆ. ಮೂರು ಸಾವಿರ ಬ್ರಾಯ್ಲರ್ ಮರಿ ಬಿಡುತ್ತೇವೆ. ಮೊದಲೆಲ್ಲ ಮರಿ ಇಳಿಸಿದ ದಿನವೇ ನೀರಿಗೆ ಆ್ಯಂಟಿಬಯಾಟಿಕ್ ಬೀಳುತ್ತಿತ್ತು. ಕಾಯಿಲೆ ಇರಲಿ, ಇಲ್ಲದಿರಲಿ. ಈಗ ಹಾಕುತ್ತಿಲ್ಲ.

ಕಾರಣ ಕೊಲಿಸ್ಟಿನ್. ಮನುಷ್ಯರಿಗೆ ಬೇರೆ ಯಾವ ಔಷಧಿಯೂ ನಾಟದಿದ್ದಾಗ ಐಸಿಯುನಲ್ಲಿ ಕೊನೆಗೆ ಕೊಡುವ ಔಷಧಿ ಅದು. ಅದನ್ನೇ ಕೋಳಿ ಬೇಗ ತೂಕ ಬರಲಿ ಅಂತ ಫೀಡಿಗೆ ಬೆರೆಸುತ್ತಿದ್ದರು! ಹೀಗೆ ಹಾಕುತ್ತಾ ಹೋದರೆ ಬ್ಯಾಕ್ಟೀರಿಯಾ ಅದಕ್ಕೂ ಬಗ್ಗದಂತಾಗುತ್ತವೆ. 2019ರಲ್ಲಿ ಕೇಂದ್ರ ಸರ್ಕಾರ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದರ ಬಳಕೆ ನಿಷೇಧಿಸಿತು. ತೂಕಕ್ಕಾಗಿ ಆ್ಯಂಟಿಬಯಾಟಿಕ್ ಕೊಡುವುದನ್ನು ಸ್ವೀಡನ್ 1986ರಲ್ಲೇ ಬಿಟ್ಟಿತು, ಯುರೋಪಿನ ಒಕ್ಕೂಟ 2006ರಲ್ಲಿ. ಅಲ್ಲಿ ಕೋಳಿ ಸಾಕುವುದೇನೂ ನಿಂತಿಲ್ಲ ಅಲ್ವಾ?

ಬದಲಿಗೆ ಏನು ಅಂತ ತುಂಬ ಜನ ಕೇಳುತ್ತಾರೆ. ಓಂಕಾಳಿನಲ್ಲಿರುವ ಥೈಮಾಲ್, ಬೆಳ್ಳುಳ್ಳಿ, ಅರಿಸಿನ, ಪ್ರೋಬಯಾಟಿಕ್ ಪುಡಿ (ಕರುಳಿಗೆ ಒಳ್ಳೆಯದು ಮಾಡುವ ಬ್ಯಾಕ್ಟೀರಿಯಾ ಇರುವ ಪುಡಿ), ಹೀಗೆ ಸುಮಾರಿವೆ. ನನಗೆ ಹಿಡಿಸಿದ್ದು ಬ್ಯುಟಿರಿಕ್ ಆಮ್ಲ. ಹಳೆ ಬೆಣ್ಣೆಗೆ ಬರುವ ಘಾಟು ಅದರದ್ದೇ, ಬೆಣ್ಣೆದೋಸೆ ಊರಿನವರಿಗೆ ಬೇರೆ ಹೇಳಬೇಕಿಲ್ಲ. ಕರುಳಿನ ಒಳಪದರದ ಜೀವಕೋಶಗಳಿಗೆ ಅದು ಆಹಾರ. ಕರುಳು ಗಟ್ಟಿಯಾದರೆ ತಿಂದ ಮೆಕ್ಕೆಜೋಳ ಮೈಗೆ ಹತ್ತುತ್ತದೆ. ಒಂದು ಮಾತು: ಪ್ರೋಬಯಾಟಿಕ್ ಹಾಕುವ ದಿನವೇ ಆ್ಯಂಟಿಬಯಾಟಿಕ್ ಹಾಕಬೇಡಿ. ಔಷಧಿ ಆ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ದುಡ್ಡು ದಂಡ.

ಆದರೆ ಹೋದ ಮಳೆಗಾಲದಲ್ಲಿ ಇಷ್ಟೆಲ್ಲ ಹಾಕಿಯೂ ಮರಿ ಸತ್ತವು. ಪುಡಿಯನ್ನೇ ಬೈದೆ. ಆಮೇಲೆ ಮಂಡಿಯೂರಿ ಕೂತು, ಶೆಡ್ಡಿನ ನೆಲಕ್ಕೆ ಹಾಸಿದ್ದ ಹೊಟ್ಟನ್ನು ಒಂದು ಮುಷ್ಟಿ ಹಿಡಿದು ಹಿಂಡಿದೆ. ರಾಗಿ ಮುದ್ದೆ ಹಾಗೆ ಉಂಡೆ ಕಟ್ಟಿತು. ಒಣಗಿದ್ದರೆ ಉದುರಬೇಕಿತ್ತು. ಮೇಲೆ ನೋಡಿದರೆ ಕೋಳಿ ನೀರು ಕುಡಿಯುವ ಪೈಪಿನ ಎರಡು ನಿಪ್ಪಲ್ ಸೋರುತ್ತಿದ್ದವು. ಪೈಪಿನ ತುದಿ ಬಿಚ್ಚಿ ಬೆರಳು ಹಾಕಿದರೆ ಒಳಗೆಲ್ಲ ಲೋಳೆ. ಶೆಡ್ಡಿನಲ್ಲಿ ಕಣ್ಣು ಉರಿಯುವಷ್ಟು ಅಮೋನಿಯಾ. ಅಂಥ ಜಾಗದಲ್ಲಿ ಓಂಕಾಳು ಏನು ಮಾಡೀತು?

ನಾನು ನೋಡಿದ ಹಾಗೆ "ನ್ಯಾಚುರಲ್ ಕೆಲಸ ಮಾಡಲ್ಲ" ಅಂತ ಹಳೇ ದಾರಿಗೆ ಮರಳಿದವರಲ್ಲಿ ಹೆಚ್ಚಿನವರು ಇಲ್ಲೇ ಎಡವಿದ್ದಾರೆ. ಆ್ಯಂಟಿಬಯಾಟಿಕ್ ನಮ್ಮ ಕೊಳಕನ್ನು ಮುಚ್ಚಿಡುತ್ತಿತ್ತು. ಈ ಪುಡಿಗಳು ಮುಚ್ಚಿಡುವುದಿಲ್ಲ, ಅಷ್ಟೇ.

ಹಾಗಂತ ನಿಜವಾಗಿ ರೋಗ ಬಂದಾಗ ಕಷಾಯ ಕುಡಿಸುತ್ತಾ ಕೂರಬೇಡಿ. ಪಶುವೈದ್ಯರಿಗೆ ತೋರಿಸಿ. ಅವರು ಬರೆದ ಔಷಧಿ ಪೂರ್ತಿ ಕೊಡಿ, ಹೇಳಿದಷ್ಟು ದಿನ ಕಳೆಯುವವರೆಗೂ ಮಾರಬೇಡಿ. ಆ ಕೋಳಿ ಯಾರದೋ ಮನೆ ಮಗುವಿನ ತಟ್ಟೆಗೆ ಹೋಗುತ್ತದೆ.

ಈಗ ಪ್ರತಿ ಬ್ಯಾಚ್ ಖಾಲಿಯಾದ ಮೇಲೆ ಪೈಪ್ ತೊಳೆಯುತ್ತೇನೆ. ಹೊಟ್ಟನ್ನು ದಿನಾ ಬೆಳಿಗ್ಗೆ ಕೆದರಿಸುತ್ತೇನೆ. ಪುಡಿ ಆಮೇಲೆ.