ಝೀನೋ ಕೇಳಿದ್ದೇ ಬೇರೆ

ಈಗಷ್ಟೇ ಒಂದು ರೀಲ್ ನೋಡ್ದೆ, ಮೈಯೆಲ್ಲ ಉರೀತಿದೆ. ಹಳೇ ಗ್ರೀಕ್ ತತ್ವಜ್ಞಾನಿ ಝೀನೋನ ವಾದ ಅದು: ಓಟಗಾರ ಅಕಿಲೀಸ್ ತನಗಿಂತ ಮುಂದಿರೋ ಆಮೆನ ಯಾವತ್ತೂ ಹಿಡಿಯೋಕಾಗಲ್ಲ, ಯಾಕಂದ್ರೆ ಅವನು ಆಮೆ ಇದ್ದ ಜಾಗ ಮುಟ್ಟೋಷ್ಟರಲ್ಲಿ ಅದು ಇನ್ನೂ ಸ್ವಲ್ಪ ಮುಂದೆ ಹೋಗಿರುತ್ತೆ. ಅಕಿಲೀಸು, ಆಮೆ, ಝೀನೋ, ಎಲ್ಲ ಒಂದೂವರೆ ನಿಮಿಷದಲ್ಲಿ ಮುಗಿಸಿಬಿಟ್ರು. ಆ ಕಾಲದ ಗ್ರೀಕರಿಗೆ ಅನಂತ ಶ್ರೇಢಿ, ಅಂದ್ರೆ ಕೊನೆಯೇ ಇಲ್ಲದ ಸಂಖ್ಯೆಗಳ ಸಾಲು, ಕೂಡೋಕೆ ಬರ್ತಿರ್ಲಿಲ್ಲ, ನಮಗೆ ಬರುತ್ತೆ, ಸಮಸ್ಯೆ ಖಲಾಸ್ ಅಂತೆ. ಇದೇ ಶ್ರೇಢೀನ ಪಿಯುಸಿ ಮಕ್ಕಳಿಗೆ ಹೇಳ್ಕೊಟ್ಟೇ ನಾನು ಅನ್ನ ತಿನ್ನೋದು, ನಿಮಗೆಲ್ಲ ಗೊತ್ತಲ್ಲ, ಅದಕ್ಕೇ ಸುಮ್ನಿರೋಕೆ ಆಗ್ತಿಲ್ಲ.

ಲೆಕ್ಕದ ಬಗ್ಗೆ ತಕರಾರಿಲ್ಲ. ಆಮೆ 100 ಮೀಟರ್ ಮುಂದಿದೆ, ಅಕಿಲೀಸ್ ಅದರ ಹತ್ತರಷ್ಟು ಜೋರಾಗಿ ಓಡ್ತಾನೆ ಅಂದ್ಕೊಳ್ಳಿ. ಅವನು ಆ 100 ಓಡೋಷ್ಟರಲ್ಲಿ ಆಮೆ 10 ಮೀಟರ್ ಮುಂದೆ, ಆ 10 ಓಡೋಷ್ಟರಲ್ಲಿ ಮತ್ತೊಂದು ಮೀಟರ್, ಹೀಗೇ ಹೋಗುತ್ತೆ, ಎಲ್ಲ ಕೂಡಿದ್ರೆ 111 ಮೀಟರ್ ಚಿಲ್ಲರೆ. ಅಲ್ಲಿ ಹಿಡೀತಾನೆ. ಆದ್ರೆ ಎಲ್ಲಿ ಹಿಡೀತಾನೆ ಅಂತ ಝೀನೋ ಕೇಳ್ಲೇ ಇಲ್ವಲ್ರೀ! ಕೊನೇ ಹೆಜ್ಜೆ ಅನ್ನೋದೇ ಇಲ್ಲದ ಓಟಾನ ಒಬ್ಬ ಮುಗಿಸೋದು ಹೇಗೆ, ಅದು ಅವನ ಪ್ರಶ್ನೆ.

1954ರಲ್ಲಿ ಜೇಮ್ಸ್ ಥಾಮ್ಸನ್ ಅನ್ನೋ ತತ್ವಶಾಸ್ತ್ರಜ್ಞ ಇದನ್ನೇ ಒಂದು ದೀಪ ಇಟ್ಕೊಂಡು ಕೇಳ್ದ. ದೀಪ ಹಾಕಿ, ಒಂದು ನಿಮಿಷ ಬಿಟ್ಟು ಆರಿಸಿ, ಅರ್ಧ ನಿಮಿಷ ಬಿಟ್ಟು ಹಾಕಿ, ಕಾಲು ನಿಮಿಷ ಬಿಟ್ಟು ಆರಿಸಿ, ಹೀಗೇ. ಒಟ್ಟು ಸರಿಯಾಗಿ ಎರಡು ನಿಮಿಷ, ಶ್ರೇಢಿ ಚೆನ್ನಾಗೇ ಕೂಡುತ್ತೆ. ಎರಡು ನಿಮಿಷ ಆದಾಗ ದೀಪ ಉರೀತಿದ್ಯಾ, ಆರಿದ್ಯಾ? ಶ್ರೇಢಿ ಬಾಯೇ ಬಿಡಲ್ಲ. ನನ್ನ ಕ್ಲಾಸಲ್ಲಿ ಇದನ್ನ ಕೇಳ್ದಾಗ ಒಬ್ಬ ಹುಡುಗಿ, ಯಾವಾಗ್ಲೂ ಎಲ್ಲರಿಗಿಂತ ಮುಂಚೆ ಉತ್ತರ ಹೇಳೋಳು, ಪೆನ್ ಕೆಳಗಿಟ್ಟು ಬೋರ್ಡ್ ಕಡೆನೇ ನೋಡ್ತಾ ಕೂತ್ಬಿಟ್ಲು. ನಿಜ ಹೇಳ್ತೀನಿ, ನಾನು ಈ ಕೆಲಸ ಮಾಡೋದೇ ಆ ಮುಖ ನೋಡೋಕೆ.

ಕೋಶಿ, ವೈಯರ್‌ಸ್ಟ್ರಾಸ್ ಅನ್ನೋ ಗಣಿತಜ್ಞರು 19ನೇ ಶತಮಾನದಲ್ಲೇ ಲಿಮಿಟ್‌ಗೆ, ಅಂದ್ರೆ ಇಂಥ ಸಾಲು ಕೂಡ್ತಾ ಹೋದ್ರೆ ಯಾವ ಸಂಖ್ಯೆಯ ಹತ್ತಿರ ಹತ್ತಿರ ಹೋಗುತ್ತೆ ಅನ್ನೋದಕ್ಕೆ, ಭದ್ರ ಬುನಾದಿ ಹಾಕಿದ್ರಲ್ಲ, ಇನ್ನೇನು ಬೇಕು ಅಂತೀರಿ. ದೊಡ್ಡ ಕೆಲಸ, ಕೈ ಮುಗೀತೀನಿ. ಆದ್ರೆ ಅದರಿಂದ ಸಿಗೋದು ಮತ್ತೆ ಅದೇ, ಎಲ್ಲಿ ಮತ್ತು ಯಾವಾಗ. ಅಷ್ಟರಲ್ಲೇ ಮುಗಿಯಲ್ಲ ಅಂತ ಅರಿಸ್ಟಾಟಲ್‌ಗೇ ಅನ್ಸಿತ್ತು. ಝೀನೋ ಬರೆದ ಪುಸ್ತಕ ಉಳಿದಿಲ್ಲ, ಅವನ ವಾದಗಳು ನಮಗೆ ಮುಖ್ಯವಾಗಿ ಸಿಕ್ಕಿರೋದೇ ಅವನನ್ನ ಖಂಡಿಸೋಕೆ ಹೊರಟ ಈ ಅರಿಸ್ಟಾಟಲ್‌ನ 'ಫಿಸಿಕ್ಸ್'ನಿಂದ. ಅದರ ಆರನೇ ಭಾಗದಲ್ಲಿ, ದೂರದ ಹಾಗೇ ಕಾಲಾನೂ ಎಷ್ಟು ಬೇಕಾದ್ರೂ ಒಡೀಬಹುದು, ಹಾಗಾಗಿ ತೊಂದರೆ ಇಲ್ಲ ಅಂತ ಉತ್ತರ ಕೊಟ್ಟ. ಎಂಟನೇ ಭಾಗಕ್ಕೆ ಬಂದಾಗ, ಕೇಳಿದವನ ಬಾಯಿ ಮುಚ್ಚಿಸೋಕೆ ಆ ಉತ್ತರ ಸಾಕು, ನಿಜ ತಿಳ್ಕೊಳ್ಳೋಕೆ ಸಾಲದು ಅಂತ ತಾನೇ ಬರೆದು ಮತ್ತೆ ಕೂತು ಯೋಚಿಸ್ದ! ಎದುರಾಳಿಗೆ ಕೊಡೋ ಮರ್ಯಾದೆ ಅದು ಕಣ್ರೀ.

ಇನ್ನು ಝೀನೋನ ಮತ್ತೊಂದು ವಾದ, ಬಾಣದ್ದು, ಅದರಲ್ಲಂತೂ ಶ್ರೇಢಿಯ ಸುಳಿವೇ ಇಲ್ಲ. ಹಾರ್ತಿರೋ ಬಾಣ ಯಾವುದೇ ಒಂದು ಕ್ಷಣದಲ್ಲಿ ತನ್ನಷ್ಟೇ ಜಾಗದಲ್ಲಿರುತ್ತೆ, ಆ ಕ್ಷಣದಲ್ಲಿ ಅಲ್ಲಾಡಲ್ಲ, ಪ್ರತಿ ಕ್ಷಣದಲ್ಲೂ ಹೀಗೇ ಅಂದ್ಮೇಲೆ ಅದು ಹಾರೋದು ಯಾವಾಗ? ಇಲ್ಲಿ ಏನನ್ನ ಕೂಡ್ತೀರಿ?

ಪಾಠ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ, ಸೂತ್ರ ಬರೆಸಿ, ಪರೀಕ್ಷೆಗೆ ಬೇಕು. ಝೀನೋಗೆ ಉತ್ತರ ಸಿಕ್ಕಾಯ್ತು ಅಂತ ಮಾತ್ರ ಮಕ್ಕಳಿಗೆ ಹೇಳ್ಬೇಡಿ.