ನಗಿಸುವ ಪುಸ್ತಕ ಅಂದ್ರೆ ಟೈಂಪಾಸಾ?

ಇವತ್ತು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಒಂದು ಕಾದಂಬರಿ ಓದುತ್ತಾ ಕೂತಿದ್ದೆ. ಶಾಲೆಯ ದಿನಗಳು, ಮೊದಲ ಪ್ರೀತಿ, ಪುಟಪುಟಕ್ಕೂ ನಗು. ಜೊತೆಯವರೊಬ್ಬರು ಇಣುಕಿ ನೋಡಿ, "ಮೇಡಂ, ನೀವೂ ಇಂಥ ಟೈಂಪಾಸ್ ಪುಸ್ತಕ ಓದ್ತೀರಾ?" ಎಂದರು. ಮನೆಗೆ ಬಂದು ಮೂರು ಗಂಟೆಯಾಯಿತು. ಸಿಟ್ಟು ಇನ್ನೂ ಇಳಿದಿಲ್ಲ.

ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆಯಲ್ಲೇ ಅರ್ಧ ಆಯಸ್ಸು ಕಳೆದವಳು ನಾನು, ನಿಮಗೆ ಗೊತ್ತಲ್ಲ. 14ರ ಹುಡುಗನಿಗೆ ಆ ಪ್ರೀತಿ ಟೈಂಪಾಸ್ ಅಲ್ಲ. ಅವಳು ಒಂದು ದಿನ ತಿರುಗಿ ನೋಡದಿದ್ದರೆ ಅವನಿಗೆ ಊಟ ಸೇರುವುದಿಲ್ಲ. ಆ ಸಂಕಟ ಒಂದು ದಿನ ಕರಗುತ್ತದೆ ಎಂದು ನಮಗೆ ಗೊತ್ತು, ಅದಕ್ಕೇ ನಗು ಬರುತ್ತದೆ. ಅವನಿಗೆ ಅದು ಗೊತ್ತಿಲ್ಲ. ಈ ಎರಡನ್ನೂ ಒಂದೇ ಸಾಲಿನಲ್ಲಿ ಹಿಡಿಯುವುದು ಸುಮ್ನೆ ಮಾತಾ?

ಇಂಗ್ಲೆಂಡಿನ ಸ್ಯೂ ಟೌನ್‌ಸೆಂಡ್ ಬರೆದ, ಏಡ್ರಿಯನ್ ಮೋಲ್ ಎಂಬ ಹುಡುಗನ ಡೈರಿಯ ರೂಪದ ಕಾದಂಬರಿ 1982ರಲ್ಲಿ ಬಂತು. ಹುಡುಗನಿಗೆ 13 ಮುಕ್ಕಾಲು ವರ್ಷ. ಗಲ್ಲದ ಮೇಲೆ ಮೊಡವೆ, ಮನಸ್ಸಿನಲ್ಲಿ ಕ್ಲಾಸಿನ ಹುಡುಗಿ ಪಂಡೋರಾ. ಅದೇ ಪುಟಗಳಲ್ಲಿ ಅಪ್ಪ ಅಮ್ಮನ ಸಂಸಾರ ಒಡೆಯುತ್ತಿರುತ್ತದೆ. ಅಮ್ಮ ಪಕ್ಕದ ಮನೆಯವನಿಗೆ ಹತ್ತಿರವಾಗುತ್ತಿರುವುದು ಓದುವ ನಮಗೆ ಮೊದಲೇ ತಿಳಿಯುತ್ತದೆ, ಡೈರಿ ಬರೆಯುವ ಮಗನಿಗೆ ತಿಳಿಯುವುದಿಲ್ಲ. ನಗುತ್ತಾ ಓದುವಾಗಲೇ ಗಂಟಲು ಕಟ್ಟುತ್ತದೆ. ಇದು ಟೈಂಪಾಸಂತೆ!

ಮಾರ್ಕ್ ಟ್ವೈನ್ ಕಾದಂಬರಿಯ ಹುಡುಗ ಟಾಮ್ ಸಾಯರ್ ಇನ್ನೂ ಹಳಬ, 1876ರವನು. ಅವನು ಮೆಚ್ಚಿದ ಹುಡುಗಿ ಬೆಕಿ, ಮೇಷ್ಟರ ಪುಸ್ತಕದ ಹಾಳೆ ಹರಿದಾಗ, ತಪ್ಪು ತನ್ನದೆಂದು ಎದ್ದು ನಿಂತು ಏಟು ತಿಂದವನು. ಈ ಕಾದಂಬರಿ ಮುಖ್ಯವಾಗಿ ಹುಡುಗ ಹುಡುಗಿಯರಿಗೆಂದು ಬರೆದದ್ದಾದರೂ ಆ ಕಾರಣಕ್ಕೆ ದೊಡ್ಡವರು ದೂರ ಇಡಬಾರದು ಎಂಬ ಆಸೆಯನ್ನು ಮಾರ್ಕ್ ಟ್ವೈನ್ ಮುನ್ನುಡಿಯಲ್ಲೇ ಹೇಳಿಕೊಂಡಿದ್ದಾನೆ. ಆಗಲೂ ಹೇಳಬೇಕಾಗಿತ್ತು, ಈಗಲೂ ಹೇಳಬೇಕು.

ಇಂಥ ಪುಸ್ತಕಗಳಲ್ಲಿ ಜೊಳ್ಳು ಜಾಸ್ತಿ ಅನ್ನುತ್ತೀರಿ. ಇದೆ, ಒಪ್ಪುತ್ತೇನೆ. ಮೇಷ್ಟರ ಬೊಕ್ಕತಲೆಯ ಮೇಲೇ ನಗೆ ಹುಟ್ಟಿಸುವವು, ಹುಡುಗಿಗೆ ಒಂದು ಮಾತೂ ಕೊಡದೆ ಕಿಟಕಿ ಪಕ್ಕ ಕೂರಿಸಿ ಬಿಡುವವು. ಆದರೆ ಗಂಭೀರ ಕಾದಂಬರಿಗಳಲ್ಲಿ ಜೊಳ್ಳು ಇಲ್ವಾ? ಅವುಗಳಿಂದಾಗಿ ಗಂಭೀರ ಸಾಹಿತ್ಯವನ್ನೇ ಯಾರಾದರೂ ಟೈಂಪಾಸ್ ಅಂದಿದ್ದಾರಾ?

ಇಷ್ಟು ಸಿಟ್ಟಿಗೆ ಇನ್ನೊಂದು ಕಾರಣವಿದೆ, ಇದುವರೆಗೆ ಯಾರಿಗೂ ಹೇಳಿಲ್ಲ. 14ನೇ ವಯಸ್ಸಿನಲ್ಲಿ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಹೆಸರು ಬರೆದೆ. ಹೆದರಿ ಅಳಿಸಿದೆ. ಅಚ್ಚು ಉಳಿದಿತ್ತು. ಮನೆಯ ಹಿರಿಯರೊಬ್ಬರು ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ ನಕ್ಕರು. ಎಷ್ಟೋ ವರ್ಷ ಆ ನಗು ನನ್ನ ಬಾಯಿ ಕಟ್ಟಿಹಾಕಿತ್ತು. ಕೊನೆಗೆ ಇಂಥದೇ ಒಂದು ಕಾದಂಬರಿಯ ಹುಡುಗ ಏನೇನೋ ಎಡವಟ್ಟು ಮಾಡಿಕೊಂಡಾಗ ಜೋರಾಗಿ ನಕ್ಕುಬಿಟ್ಟೆ. ಆ ಹೆಸರು ನೆನಪಾಯಿತು. ನಾಚಿಕೆ ಆಗಲಿಲ್ಲ.

ನಾಳೆಯೂ ಆ ಪುಸ್ತಕ ನನ್ನ ಮೇಜಿನ ಮೇಲೇ ಇರುತ್ತದೆ. ಇವತ್ತು ಮಾತಾಡಿದವರೂ ಧಾರಾಳವಾಗಿ ತೆಗೆದುಕೊಂಡು ಹೋಗಬಹುದು. ಓದಿ ವಾಪಸ್ ಕೊಟ್ಟರೆ ಸಾಕು.